ವರುಷದ ಓಣಿಯಲ್ಲಿ ಮನೆ ಹಿಡಿದದ್ದು

ನಾನು ಸುಳ್ಳು ಹೇಳುವವನಲ್ಲ. ನಿಜವನ್ನೇ ಸ್ವಲ್ಪ ದೊಡ್ಡ ದನಿಯಲ್ಲಿ ಹೇಳುತ್ತೇನೆ, ಅಷ್ಟೇ. ಅದು ಕಸುಬಿನಿಂದ ಬಂದ ಗುಣ. ದೊಡ್ಡೂರಿನ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನ ಮುಂದೆ ಕುಳಿತು, ಯಾವ ಬಸ್ಸು ಎಲ್ಲಿಗೆ ಹೊರಟಿದೆ, ಯಾವ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದೆ ಎಂದು ಕೂಗಿದ ಅಡಿವೆಪ್ಪ ನಾನೇ. ವರ್ಷದಲ್ಲಿ ಆರು ತಿಂಗಳು ಆ ಮೈಕು ಕೆಟ್ಟಿರುತ್ತಿತ್ತು, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ನಾನು ಕೂಗಿದರೆ ಹೊರಟ ಬಸ್ಸು ತಿರುಗಿ ಬರುತ್ತಿತ್ತು. ಒಮ್ಮೆ ಬಾಯಿ ತಪ್ಪಿ ಇಲ್ಲದ ಊರಿನ ಬಸ್ಸನ್ನು ಕೂಗಿದೆ. ನಲವತ್ತು ಜನ ಹತ್ತಿ ಹೊರಟೇಬಿಟ್ಟರು. ಅಲ್ಲಿಂದ ಇವತ್ತಿನವರೆಗೆ ಒಂದು ದೂರು ಬಂದಿಲ್ಲ, ಸುಖವಾಗಿಯೇ ಇದ್ದಾರೆಂದು ತೋರುತ್ತದೆ.

ನನ್ನ ಹೆಂಡತಿ ಸುಗಲಾ ಇದಕ್ಕೆ ಪೂರಾ ವಿರುದ್ಧ. ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಜಂಪರು ಹೊಲಿಯುವವಳು. ತುಟಿಗಳ ನಡುವೆ ಸದಾ ನಾಲ್ಕು ಗುಂಡುಪಿನ್ನು. ಬಾಯಿ ಬಿಟ್ಟರೆ ಪಿನ್ನು ಬೀಳುತ್ತವೆ ಎಂದೋ ಏನೋ, ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಪಾಲಿನ ಮಾತನ್ನೂ ನಾನೇ ಆಡಿದ್ದೇನೆ. ಹೀಗಿರುವಾಗ ಗಂಟಲಿನ ರೋಗ ಬರಬೇಕಾದದ್ದು ಯಾರಿಗೆ ಹೇಳಿ? ದೇವರು ವಿಳಾಸ ತಪ್ಪಿದ. ಬೇನೆ ಅವಳಿಗೆ ಬಂತು. ಗಂಟಲಲ್ಲಿ ಗಂಟು ಬೆಳೆದಿದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಅದಕ್ಕೂ ಮೊದಲು ನಲವತ್ತು ದಿನ ಔಷಧ ಕೊಟ್ಟು ಗಂಟನ್ನು ಕುಗ್ಗಿಸಬೇಕು, ಆ ಮೇಲೂ ಈ ಹೊಗೆ, ಈ ಧೂಳಿನಲ್ಲಿ ಇರಬೇಡಿ, ಯಾವುದಾದರೂ ಸಣ್ಣ ಊರು ನೋಡಿಕೊಳ್ಳಿ ಎಂದರು.

ನಮ್ಮ ನಿಲ್ದಾಣದಿಂದ ದಿನಕ್ಕೊಮ್ಮೆ ಒಂದು ಬಸ್ಸು ಹೊರಡುತ್ತಿತ್ತು. ಅದೊಂದನ್ನು ಮಾತ್ರ ನಾನು ಎಂದೂ ಕೂಗಿದವನಲ್ಲ. ಕೂಗಬೇಡಿ ಎಂದು ಅದರ ಡ್ರೈವರನೇ ಕೈಮುಗಿದಿದ್ದ. ತಮ್ಮ ಊರಿನಲ್ಲಿ ಓಣಿಯೊಳಗೆ ಆಡಿದ ಮಾತು ಕಳೆದುಹೋಗುವುದಿಲ್ಲ, ಗಡುವು ತುಂಬಿದ ಮೇಲೆ ಅದೇ ದನಿಯಲ್ಲಿ ಒಂದೇ ಒಂದು ಸಲ ಮರಳಿ ಬರುತ್ತದೆ, ಒಂದೊಂದು ಓಣಿಗೆ ಒಂದೊಂದು ಗಡುವು, ಹಾಗಾಗಿ ನಮ್ಮ ಜನ ದನಿಯ ವಿಷಯದಲ್ಲಿ ಬಹಳ ನಾಜೂಕು ಎಂದು ಚಹಾ ಕುಡಿಯುತ್ತ ಹೇಳಿದ್ದ. ನನ್ನನ್ನೂ ಮೀರಿಸುವ ಬಡಾಯಿಗಾರ ಒಬ್ಬನಿದ್ದಾನಲ್ಲ ಎಂದು ನನಗೆ ಹೊಟ್ಟೆಕಿಚ್ಚಾಗಿತ್ತು. ಡಾಕ್ಟರು ಸಣ್ಣ ಊರು ಎಂದ ದಿನ ಮಾತ್ರ ಆ ಬಡಾಯಿ ನನ್ನ ತಲೆಯಲ್ಲಿ ಕುಳಿತು ಏಳಲೊಲ್ಲದಾಯಿತು. ಮುಂದಿನ ವಾರವೇ ಇಬ್ಬರೂ ಆ ಬಸ್ಸು ಹತ್ತಿದೆವು.

ಮನೆ ತೋರಿಸಲು ಬಂದವರು ದಸ್ತಗೀರ ಸಾಹೇಬರು. ಕೊರಳಲ್ಲಿ ದಾರ ಕಟ್ಟಿದ ಪಾಟಿ, ಜೇಬಿನಲ್ಲಿ ಬಳಪ. ಬಾಯಿ ಬಿಡದ ದಲಾಲಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಸ್ಸು ನಿಲ್ಲುವ ಬಯಲಿನಲ್ಲೂ ಬಾಗಿಲು ಹಾಕಿದ ಮನೆಯೊಳಗೂ ಆಡಿದ ದನಿ ಮರಳುವುದಿಲ್ಲವಂತೆ, ಅಲ್ಲಿ ಮಾತ್ರ ಅವರು ಮಾತಾಡುತ್ತಿದ್ದರು. ಅವರ ತಂದೆ ಇದೇ ಕೆಲಸದಲ್ಲಿದ್ದಾಗ ಒಂದು ಓಣಿಯಲ್ಲಿ ನಿಂತು ಈ ಬಾವಿ ಎಂದೂ ಬತ್ತುವುದಿಲ್ಲ ಎಂದಿದ್ದರಂತೆ. ಆ ಮಾತು ಮರಳಿದ ಹೊತ್ತಿಗೆ ಬಾಡಿಗೆಯವರೆಲ್ಲ ಖಾಲಿ ಕೊಡ ಹಿಡಿದು ಒಣಗಿದ ಬಾವಿಯ ಸುತ್ತ ಕುಳಿತಿದ್ದರಂತೆ. ಅಂದಿನಿಂದ ಆ ಮನೆತನಕ್ಕೆ ಪಾಟಿಯೇ ಗತಿ.

ಮೊದಲು ಗಳಿಗೆ ಓಣಿಗೆ ಕರೆದೊಯ್ದರು. ಅಲ್ಲಿ ಮಾತು ಒಂದು ಗಳಿಗೆಯಲ್ಲಿ ಮರಳುತ್ತದೆ. ತರಕಾರಿಯವಳು ತುದಿಯಿಂದ ತುದಿಗೆ ಒಮ್ಮೆ ಕೂಗಿ ಹೋಗಿ ಎಲೆಅಡಿಕೆ ಹಾಕಿಕೊಂಡು ಕುಳಿತಿದ್ದಳು. ಅವಳ ಕೂಗು ತಾನಾಗಿಯೇ ಎರಡನೆಯ ಸುತ್ತು ಹೊಡೆಯುತ್ತಿತ್ತು. ಇಬ್ಬರು ಹೆಂಗಸರು ಜಗಳ ಮುಗಿಸಿ ಒಂದೇ ಕಟ್ಟೆಯ ಮೇಲೆ ಕುಳಿತಿದ್ದರು. ಏಕೆಂದು ಕೇಳಿದರೆ ಜಗಳ ಮರಳಿ ಬರುವುದಿದೆ, ಯಾರು ಗೆದ್ದರೆಂದು ಈಗ ಗೊತ್ತಾಗುತ್ತದೆ ಎಂದು ಸಾಹೇಬರು ಪಾಟಿಯ ಮೇಲೆ ಬರೆದರು. ಬಂತು. ಎರಡು ದನಿಗಳು ಗಾಳಿಯಲ್ಲಿ ಸೆರಗು ಹಿಡಿದು ಎಳೆದಾಡಿದವು, ಕೆಳಗೆ ಇಬ್ಬರು ಒಡತಿಯರು ಶೇಂಗಾ ಸುಲಿಯುತ್ತ ಕೇಳಿದರು. ನನ್ನ ಮೈಮೇಲಿನ ಕೂದಲು ನಿಂತವು. ಎಷ್ಟು ನಿಂತವೆಂದರೆ ಅಂಗಿಯ ಗುಂಡಿಗಳು ಬಿಗಿಯಾದವು.

ನಾಳೆ ಓಣಿಯಲ್ಲಿ ನಿನ್ನೆಯ ಮಾತು ಇಂದು ಬರುತ್ತದೆ. ಅಲ್ಲಿಯವರು ಒಂದು ದಿನ ಮಾತಾಡುತ್ತಾರೆ, ಒಂದು ದಿನ ಬಾಯಿ ಮುಚ್ಚಿ ಕೇಳುತ್ತಾರೆ. ನಾವು ಹೋದದ್ದು ಕೇಳುವ ದಿನ. ಇಡೀ ಓಣಿ ತುಂಬ ಹರಟೆ, ನಗು, ಬೈಗುಳ. ಒಂದು ತುಟಿಯೂ ಅಲುಗುತ್ತಿರಲಿಲ್ಲ. ಹನ್ನೆರಡರ ಓಣಿಯಲ್ಲಂತೂ ನಾನು ಗೋಡೆ ಹಿಡಿದು ನಿಂತೆ. ಕಂಕುಳಲ್ಲಿ ಕೂಸು ಎತ್ತಿಕೊಂಡ ಇಪ್ಪತ್ತರ ಹೆಣ್ಣುಮಗಳೊಬ್ಬಳು ಬೀದಿಯಲ್ಲಿ ನಿಂತಿದ್ದಳು. ಹನ್ನೆರಡು ವರ್ಷದ ಹಿಂದಿನ ಅವಳ ತಾಯಿಯ ದನಿ, ಆಟ ಸಾಕು ಮಾಡು, ಬಿಸಿಲು ಏರಿತು, ಒಳಗೆ ಬಾ ಎಂದು ಕರೆಯಿತು. ಆ ಹೆಣ್ಣುಮಗಳು ಕೂಸಿನ ಸಮೇತ ಓಡಿ ಒಳಗೆ ಹೋದಳು.

ಕೊನೆಗೆ ವರುಷದ ಓಣಿ. ಬೇವಿನ ಮರ, ಅದರ ಕೆಳಗೆ ಕಲ್ಲಿನ ಕಟ್ಟೆ, ಎದುರುಬದುರು ಹತ್ತು ಮನೆ. ನಾವು ಕಾಲಿಟ್ಟಾಗ ಗಂಡಸಿನ ದನಿಯೊಂದು ರುದ್ರವ್ವಾ, ನೀರು ತಾ ಎಂದಿತು. ಬಿಳಿ ಕೂದಲಿನ ಹೆಂಗಸು ಒಳಗಿನಿಂದ ತಂಬಿಗೆ ತಂದು ಯಾರೂ ಇಲ್ಲದ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಸಾಹೇಬರು ಬರೆದು ತೋರಿಸಿದರು: ಗಂಡ ತೀರಿಕೊಂಡು ಎಂಟು ತಿಂಗಳು, ಇನ್ನೂ ನಾಲ್ಕು ತಿಂಗಳು ಇರುತ್ತಾರೆ. ಅದನ್ನು ಒರೆಸಿ ಮತ್ತೆ ಬರೆದರು: ಈ ಓಣಿಯವರು ವರ್ಷ ತಡ ಮಾಡಿ ಹೋಗುತ್ತಾರೆ.

ಆ ತಂಬಿಗೆಯನ್ನು ನೋಡುತ್ತ ನಿಂತವನಿಗೆ ನನ್ನ ಲೆಕ್ಕ ಹೊಳೆಯಿತು. ನಲವತ್ತು ದಿನ ಸುಗಲಾ ಇಲ್ಲಿ ಕುಳಿತು ಮಾತಾಡಿದರೆ ವರ್ಷ ತುಂಬಿದ ಮೇಲೆ ನಲವತ್ತು ದಿನ ಅವಳ ದನಿ ಸಿಗುತ್ತದೆ. ಗಳಿಗೆ ಓಣಿಯಲ್ಲಿ ಬೇಗ ಮುಗಿದುಹೋಗುತ್ತದೆ, ಹನ್ನೆರಡು ವರ್ಷ ಯಾರು ಕಂಡಿದ್ದಾರೆ. ಬಯಲಿಗೆ ಮರಳಿ ನಾನು ಇದನ್ನು ಹೇಳುವ ಮೊದಲೇ ಸುಗಲಾ ಪಿನ್ನಿಲ್ಲದ ಬಾಯಿ ತೆರೆದಳು.

"ನನಗ ಗಳಿಗಿ ಓಣಿ ಸೇರೇತ್ರಿ. ಅಲ್ಲಿ ಹೆಣ್ಮಕ್ಕಳು ಬಾಳ ಅದಾರ, ನನಗ ಕೆಲಸ ಸಿಗತೈತಿ."

ನಾನು ನನ್ನ ಲೆಕ್ಕ ಹೇಳಿದೆ. ಸಣ್ಣದಾಗಿಯೇ ಹೇಳಿದೆ, ಒಂದು ತಾಸು ಆಗಿರಬಹುದು. ಬಯಲಿನಲ್ಲಿ ಮೇಯುತ್ತಿದ್ದ ಎಮ್ಮೆಗಳೂ ಕೊನೆಗೆ ಒಪ್ಪಿ ತಲೆ ಅಲ್ಲಾಡಿಸಿದವು. ಸುಗಲಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ನನ್ನ ದನಿ ತಗೊಂಡು ನಾ ಏನ್ ಮಾಡ್ಲಿ? ನಿಮಗ ಬೇಕನಿಸಿದ್ರ ಅಲ್ಲೇ ಹಿಡೀರಿ."

ಬೇಕಿತ್ತು. ಎಷ್ಟು ಬೇಕಿತ್ತೆಂದು ಬಾಯಿಬಿಟ್ಟು ಹೇಳಲು ಮಾತ್ರ ಆಗಲಿಲ್ಲ. ಅದರ ಬದಲು ಆ ಊರಿನ ಬಸ್ಸುಗಳ ಅವ್ಯವಸ್ಥೆಯ ಬಗ್ಗೆ ಮಾತಾಡಿದೆ. ಸಂಜೆಗೆ ವರುಷದ ಓಣಿಯಲ್ಲಿ, ರುದ್ರವ್ವನ ಮಗ್ಗುಲಿನ ಮನೆಯ ಬೀಗದ ಕೈ ನಮ್ಮ ಕೈಗೆ ಬಂತು.

ಮರುದಿನ ಬೆಳಿಗ್ಗೆಯೇ ಅವಳನ್ನು ಕಟ್ಟೆಯ ಮೇಲೆ ಕೂಡಿಸಿದೆ. ಆ ಓಣಿಯ ಜನ ಒಳಗೆ ಬಾಗಿಲು ಹಾಕಿಕೊಂಡು ಬೇಕಾದಷ್ಟು ಹರಟುತ್ತಾರೆ, ಕಟ್ಟೆಗೆ ಬಂದರೆ ಮುಂದಿನ ವರ್ಷ ಎದುರಾದರೂ ನಾಚಿಕೆಯಾಗದ ನಾಲ್ಕೇ ಮಾತು. ನನಗೆ ಅದು ಜಿಪುಣತನ ಎನಿಸಿತು. ಸುಗಲಾ ಸಂಕೋಚದ ಹೆಂಗಸು, ಅವಳಿಗೆ ಯಾರಾದರೂ ದಾರಿ ಹಾಕಿಕೊಡಬೇಕು. ಹಾಗಾಗಿ ಮೊದಲು ನಾನು ಶುರು ಮಾಡುತ್ತಿದ್ದೆ. ಈಗ ಸುಗಲಾ ಮಾತಾಡುತ್ತಾಳೆ ಎಂದು ಓಣಿಗೆಲ್ಲ ಸಾರುತ್ತಿದ್ದೆ. ಅವಳ ಗುಣ ಹೇಳುತ್ತಿದ್ದೆ. ಅವಳ ಗುಣ ಹೇಳಬೇಕಾದರೆ ನಮ್ಮ ಮದುವೆ ಹೇಳಬೇಕು, ಮದುವೆ ಹೇಳಬೇಕಾದರೆ ದಿಬ್ಬಣದ ಬಸ್ಸನ್ನು ನಾನು ಬರೀ ಕೂಗಿನಿಂದ ನಿಲ್ಲಿಸಿದ್ದು ಹೇಳಬೇಕು. ನಲವತ್ತು ದಿನ ಹೀಗೆ ನಡೆಯಿತು. ಅವಳು ಧಾರಾಳ ಮಾತಾಡಿದಳೆಂದೇ ನನ್ನ ನೆನಪು. ರುದ್ರವ್ವ ಒಂದು ದಿನ ಬಂದು ನನ್ನ ಯಜಮಾನರು ಮಾತಾಡುವ ಹೊತ್ತು, ಒಂದಿಷ್ಟು ಸುಮ್ಮನಿದ್ದರೆ ಅವರದು ನನಗೆ ಕೇಳಿಸುತ್ತಿತ್ತು ಎಂದು ಕೈಮುಗಿದಳು. ಮುದುಕಿಗೆ ನಮ್ಮ ಅನ್ಯೋನ್ಯ ಕಂಡು ಸಂಕಟ ಎಂದುಕೊಂಡೆ. ಆದರೂ ದೊಡ್ಡ ಮನಸ್ಸು ಮಾಡಿ ದನಿ ತಗ್ಗಿಸಿದೆ. ಆಚೆ ಓಣಿಗೆ ಕೇಳಿಸದಷ್ಟು.

ನಲವತ್ತೊಂದನೆಯ ದಿನ ದೊಡ್ಡೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಸುಗಲಾ ಉಳಿದಳು. ಇಪ್ಪತ್ತು ದಿನದ ಮೇಲೆ ಕುತ್ತಿಗೆಗೆ ತೆಳು ಬಟ್ಟೆ ಸುತ್ತಿಕೊಂಡು ಮನೆಗೆ ಬಂದು, ಮಷೀನಿನ ಮುಂದೆ ಕುಳಿತು, ಅಭ್ಯಾಸದ ಮೇಲೆ ತುಟಿಯಲ್ಲಿ ಪಿನ್ನು ಹಿಡಿದಳು. ದಸ್ತಗೀರ ಸಾಹೇಬರು ತಮ್ಮದೇ ಒಂದು ಪಾಟಿ ತಂದುಕೊಟ್ಟರು. ಅವಳು ಅದರಲ್ಲಿ ಬರೆಯುವುದೂ ಕಡಿಮೆಯೇ. ಬೇಕಾದರೆ ಚಿಟಿಕೆ ಹಾಕುವಳು, ಒಂದು ಚಿಟಿಕೆ ಅಂದರೆ ಬನ್ನಿ, ಎರಡು ಅಂದರೆ ಸಾಕು ಬಿಡಿ. ಎರಡೇ ಹೆಚ್ಚು. ಮನೆ ಮೊದಲಿನಂತೆಯೇ ನಡೆಯಿತು. ಆದರೆ ನಾನು ಮಾತಿನ ನಡುವೆ ಉಸಿರು ತೆಗೆದುಕೊಳ್ಳಲು ನಿಂತಾಗ, ಹಿಂದೆ ಒಂದು ಸಣ್ಣ 'ಹೂಂ' ಬರುತ್ತಿದ್ದ ಜಾಗದಲ್ಲಿ ಈಗ ಏನೂ ಇರುತ್ತಿರಲಿಲ್ಲ. ಮೆಟ್ಟಿಲು ಇದೆಯೆಂದು ಕತ್ತಲಲ್ಲಿ ಕಾಲಿಟ್ಟಂತೆ ಆಗುತ್ತಿತ್ತು.

ನಾಲ್ಕು ತಿಂಗಳಿಗೆ ರುದ್ರವ್ವನ ಗಂಡನ ಕೊನೆಯ ದಿನ ಬಂತು. ಓಣಿಯವರೆಲ್ಲ ಬಂದು ಕಟ್ಟೆಯ ಸುತ್ತ ಕುಳಿತರು. ದೊಡ್ಡ ಮಾತೇನೋ ಬರುತ್ತದೆಂದು ನಾನು ಕಿವಿ ಅಗಲಿಸಿದೆ. ಆಡು ಬಿಚ್ಚಿಕೊಂಡಿದೆ ನೋಡು, ಕಟ್ಟು ಎಂದಿತು ದನಿ. ಅಷ್ಟೇ. ರುದ್ರವ್ವ ಎದ್ದು ಹೋದಳು. ಆಡನ್ನು ಎಂದೋ ಮಾರಿದ್ದಳು. ಗೂಟದ ಹಗ್ಗವನ್ನಷ್ಟೇ ಬಿಗಿಮಾಡಿ ಬಂದು, ಕಟ್ಟೆಗೆ ನೀರು ಹಾಕಿ ತೊಳೆದಳು. ಜನ ಎದ್ದು ಸದ್ದಿಲ್ಲದೆ ಮನೆಗೆ ಹೋದರು. ಮೂವತ್ತೊಂದು ವರ್ಷದಲ್ಲಿ ಕೋಟಿ ಜನರನ್ನು ಬಸ್ಸು ಹತ್ತಿಸಿ ಕಳಿಸಿದವನು ನಾನು. ಅಂಥ ಬೀಳ್ಕೊಡುಗೆ ಒಂದನ್ನೂ ಕಂಡಿರಲಿಲ್ಲ.

ವರ್ಷ ತುಂಬಿತು. ನಾನು ಬೆಳಿಗ್ಗೆಯೇ ಕಟ್ಟೆ ತೊಳೆದು ಜಮಖಾನೆ ಹಾಸಿದೆ. ಹತ್ತೂ ಮನೆಗೆ ಹೋಗಿ ಕರೆದೆ, ಚುರುಮುರಿ, ಚಹಾ ಮಾಡಿಸಿದೆ. ಸುಗಲಾಳನ್ನು ನಡುವೆ ಕೂಡಿಸಿ ಪಕ್ಕದಲ್ಲಿ ಕುಳಿತೆ. ಹೊತ್ತು ಸರಿಯಾಗಿ ಬಂತು, ದನಿಯೂ ಬಂತು. ಕೇಳಿರಿ ಕೇಳಿರಿ, ಈಗ ನನ್ನ ಹೆಂಡತಿ ಸುಗಲಾ ಮಾತಾಡುತ್ತಾಳೆ ಎಂದಿತು. ಎಂಥ ದನಿ! ನಾನೇ ಮೆಚ್ಚಿದೆ. ಆಮೇಲೆ ಅದು ದಿಬ್ಬಣದ ಬಸ್ಸು ಹೇಳಿತು. ಇಲ್ಲದ ಊರಿಗೆ ಹೋದ ನಲವತ್ತು ಜನರನ್ನು ಹೇಳಿತು, ಅಷ್ಟರಲ್ಲಿ ಅವರು ಎಂಬತ್ತಾಗಿದ್ದರು. ನಡುವೆ ಒಮ್ಮೆ ಬೇರೊಂದು ದನಿ 'ನಾ ಏನಂತೀನಿ ಅಂದ್ರ' ಎಂದಿತು. ಅದರ ಮೇಲೆ ನನ್ನ ಕೂಗು ಲಾರಿಯ ಹಾಗೆ ಹಾದುಹೋಯಿತು. ಮಧ್ಯಾಹ್ನದವರೆಗೆ ಕುಳಿತೆವು. ಅವಳ ಪಾಲಿಗೆ ಬಂದದ್ದು ಆ ಅರ್ಧ ಮಾತು, ಒಂದು ಕೆಮ್ಮು, ಒಂದು 'ಸಾಕ್ ಬಿಡ್ರಿ'.

ಚುರುಮುರಿ ಚೆನ್ನಾಗಿದೆ ಎಂದು ಒಬ್ಬರು ಬೆರಳಲ್ಲಿ ತೋರಿಸಿದರು. ಸುಗಲಾಳ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ನೋಡಿದರೆ ಸದ್ದಿಲ್ಲದೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು.

ಮರುದಿನವೂ ಹಾಗೆಯೇ. ಅದರ ಮರುದಿನವೂ. ನಾನೇ ಕೂಡಿಟ್ಟ ಗಂಟನ್ನು ನಾನೇ ದಿನವೂ ಬಿಚ್ಚುತ್ತಿದ್ದೆ, ಒಳಗೆ ಬರೀ ನಾನೇ ಇರುತ್ತಿದ್ದೆ. ಹತ್ತನೆಯ ದಿನ ಸುಗಲಾ ಏನೋ ಅವರವ್ವನ ವಿಷಯ ಶುರುಮಾಡಿದ್ದಳು, ನಾಲ್ಕು ಶಬ್ದ ಬಂದಿತ್ತು, ಅಷ್ಟರಲ್ಲಿ ಹಳೆಯ ನಾನು ನಡುವೆ ಬಾಯಿ ಹಾಕಿದೆ. ತಡೆಯಲಾರದೆ ಎದ್ದು ನಿಂತು, ಗಾಳಿಯೊಳಗಿನ ನನ್ನನ್ನು ನಾನೇ ಬೈದೆ. ಬಾಯಿ ಮುಚ್ಚೋ, ಅವಳಿಗೆ ಮಾತಾಡಗೊಡೋ ಎಂದು ಹಲ್ಲು ಕಡಿದೆ. ಇಲ್ಲಿ ಬರೆಯಲಾಗದ್ದನ್ನೂ ಅಂದೆ. ಮರದ ಎಲೆ ಉದುರಿದವು. ರುದ್ರವ್ವ ಬಾಗಿಲಿನಿಂದ ಇಣುಕಿದಳು.

"ಅಣ್ಣಾರ, ಇದೂ ಮುಂದಿನ ವರ್ಷ ಬರತೈತಿ. ನೆನಪಿರಲಿ."

ನಾನು ಕೂತುಬಿಟ್ಟೆ. ಇನ್ನು ಉಳಿದದ್ದು ಒಂದೇ ಆಸೆ. ಹಿಂದಿನ ವರ್ಷ ಮೂವತ್ತೆಂಟನೆಯ ದಿನ ಆಪರೇಶನ್ನಿಗೆ ಹಾಸಿಗೆ ಗೊತ್ತುಮಾಡಲು ನಾನೊಬ್ಬನೇ ದೊಡ್ಡೂರಿನ ಆಸ್ಪತ್ರೆಗೆ ಹೋಗಿದ್ದೆ. ಬೆಳಗಿನಿಂದ ಸಂಜೆಯವರೆಗೆ ಓಣಿಯಲ್ಲಿ ಇರಲಿಲ್ಲ. ಆ ದಿನ ಅವಳು ಕಟ್ಟೆಯ ಮೇಲೆ ಕುಳಿತಿದ್ದಳೇ? ಕೇಳಿದೆ. ಸುಗಲಾ ಪಿನ್ನುಗಳ ಹಿಂದಿನಿಂದ ನನ್ನನ್ನು ನೋಡಿ, ತೋಳಿನ ಹೊಲಿಗೆಗೆ ಮರಳಿದಳು. ರುದ್ರವ್ವನನ್ನು ಕೇಳಿದೆ. ಕಟ್ಟೆಯ ಮೇಲೆ ಆಡಿದ ಮಾತನ್ನು ಅದು ಬರುವ ಮೊದಲು ಬಿಚ್ಚಬಾರದು, ಅದು ಓಣಿಯ ಕಟ್ಟಳೆ ಎಂದಳು. ಏನಾದರೂ ಇದೆಯೋ ಇಲ್ಲವೋ ಅಷ್ಟನ್ನಾದರೂ ಹೇಳು ತಾಯಿ ಎಂದರೆ ತಂಬಿಗೆ ತಗೊಂಡು ನೀರಿಗೆ ಹೋದಳು.

ಮೂವತ್ತೆಂಟನೆಯ ದಿನ ನಾನು ಯಾರನ್ನೂ ಕರೆಯಲಿಲ್ಲ. ಬೆಳಿಗ್ಗೆ ಬಂದು ಕುಳಿತೆ. ಬಾಯಿಗೆ ಟವಲು ಕಟ್ಟಿಕೊಂಡೆ. ನನ್ನ ಬಾಯಿಯ ಮೇಲೆ ನನಗೇ ನಂಬಿಕೆ ಉಳಿದಿರಲಿಲ್ಲ. ಹಿಂದಿನ ವರ್ಷದ ಹಾಲಿನವನು ಬಂದುಹೋದ. ಯಾವುದೋ ಮಗು ಮಗ್ಗಿ ಹೇಳಿತು. ಬಿಸಿಲು ಮರದ ಬುಡ ಬಿಟ್ಟು ಕಟ್ಟೆಗೆ ಬಂತು. ಸುಗಲಾ ಬಾಗಿಲಿಗೆ ಬಂದು ಒಂದು ಚಿಟಿಕೆ ಹಾಕಿದಳು, ಊಟಕ್ಕೆ. ನಾನು ತಲೆ ಅಲ್ಲಾಡಿಸಿದೆ. ಅವಳು ಒಳಗೆ ಹೋಗಲಿಲ್ಲ, ಬಂದು ಪಕ್ಕದಲ್ಲಿ ಕುಳಿತಳು. ಓಣಿ ಪೂರ್ತಿ ಖಾಲಿಯಾಗಿತ್ತು. ಆಗ ನಮ್ಮಿಬ್ಬರ ನಡುವಿನ ಗಾಳಿಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

"ಏನ್ರೀ, ಕೂತೀರೇನು? ಇವತ್ತ ನೀವು ದವಾಖಾನಿಗೆ ಹೋಗೀರಿ, ಅದಕ್ಕ ನನಗ ಪಾಳಿ ಬಂತು. ಏನ್ ಹೇಳೂದಂತ ಬಾಳ ವಿಚಾರ ಮಾಡಿದೆ. ದೊಡ್ಡ ಮಾತು ಯಾವುದೂ ಬರವಲ್ದು. ರುದ್ರವ್ವಗ ಒಂದ್ ಜಂಪರ್ ಹೊಲ್ದೇನಿ, ತೋಳು ಬಿಗಿ ಆತು, ಬಿಚ್ಚಬೇಕು. ನೀವು ಇಷ್ಟ ದಿನದಾಗ ಒಂದ್ ದಿನಾನೂ ಬಾಯಿ ಮುಚ್ಚಿಲ್ಲ. ಮಂದಿ ನಗತಾರ. ನನಗ ಗೊತ್ತೈತಿ, ನೀವು ಅಂಜಿದಾಗ ಹಂಗ ಮಾತಾಡತೀರಿ. ಮದವ್ಯಾಗೂ ಹಂಗ ಮಾಡಿದ್ರಿ. ನಮ್ಮಪ್ಪ ಸತ್ತಾಗೂ ಹಂಗ ಮಾಡಿದ್ರಿ. ನಾ ಏನ್ ಅಂಜಿಲ್ರಿ. ನೀವು ಮಾತಾಡಕೋತ ಇದ್ರ ನೀವು ಎಲ್ಲಿ ಅದೀರಿ ಅಂತ ನನಗ ಗೊತ್ತಾಗತೈತಿ, ಅದಕ್ಕ ನಾ ಯಾವಾಗೂ ತಡದಿಲ್ಲ."

ದನಿ ನಿಂತಿತು. ಮುಗಿಯಿತೆಂದು ನಾನು ಕಣ್ಣು ಮುಚ್ಚಿದೆ. ಮುಗಿದಿರಲಿಲ್ಲ. ಅವಳು ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತಿತ್ತು. ಪಕ್ಕದಲ್ಲಿ ಬಟ್ಟೆ ಸುತ್ತಿದ ಕುತ್ತಿಗೆಯೊಳಗಿನ ಉಸಿರೂ ಕೇಳಿಸುತ್ತಿತ್ತು. ಎರಡೂ ಒಂದೇ ಲಯದಲ್ಲಿದ್ದವು.

"ಊಟ ಆತೇನ್ರಿ?"

ಆಮೇಲೆ ಏನೂ ಬರಲಿಲ್ಲ. ಆದರೆ ಅದು ಬರಿದಾದ ಮೌನವಲ್ಲ. ಕೇಳಿದವಳು ಉತ್ತರಕ್ಕೆ ಜಾಗ ಬಿಟ್ಟು, ಹಿಂದಿನ ವರ್ಷದ ಆ ಮಧ್ಯಾಹ್ನ ಇದೇ ಕಲ್ಲಿನ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಆ ಜಾಗ ಈಗ ನನ್ನ ಮುಂದೆ ತೆರೆದುಕೊಂಡಿತ್ತು. ನಾನು ಬಾಯಿಯ ಟವಲು ಬಿಚ್ಚಿದೆ. ಸಾವಿರ ಬಸ್ಸುಗಳ ಹೆಸರು ಬಾಯಿಪಾಠ ಇದ್ದವನಿಗೆ ಎರಡು ಶಬ್ದ ಹುಡುಕುವುದು ಕಷ್ಟವಾಯಿತು.

"ಇನ್ನೂ ಇಲ್ಲ" ಎಂದೆ.

ಸುಗಲಾ ಕೇಳಿಸಿಕೊಂಡಳು. ಎದ್ದು ಒಳಗೆ ಹೋಗಿ ಎರಡು ತಾಟು ಹಾಕಿದಳು.

ಇದೆಲ್ಲ ಆಗಿ ಮತ್ತೊಂದು ವರ್ಷ ಕಳೆಯಿತು. ನಾನು ನನ್ನನ್ನೇ ಬೈದದ್ದು ಹತ್ತನೆಯ ದಿನ ತಪ್ಪದೆ ಬಂತು, ಓಣಿಯ ಮಕ್ಕಳು ಅದನ್ನು ಬಾಯಿಪಾಠ ಮಾಡಿಕೊಂಡವು. ಮೂವತ್ತೆಂಟನೆಯ ದಿನ ಮಧ್ಯಾಹ್ನ ಕಟ್ಟೆಯ ಮೇಲೆ ನಾವಿಬ್ಬರಿದ್ದೆವು, ರುದ್ರವ್ವ ಇದ್ದಳು, ಹೊಸದಾಗಿ ಮನೆ ನೋಡಲು ದೊಡ್ಡೂರಿನಿಂದ ಬಂದ ಗಂಡಹೆಂಡಿರೂ ದಸ್ತಗೀರ ಸಾಹೇಬರ ಹಿಂದೆ ನಿಂತಿದ್ದರು. ಗಾಳಿಯಲ್ಲಿ ಇನ್ನೂ ಇಲ್ಲ ಎಂದು ಒಂದು ದನಿ ಬಂತು. ಬಹಳ ಸಣ್ಣ ದನಿ, ಕೈಯಲ್ಲಿ ಹಿಡಿದರೆ ಮುರಿಯುವಂಥದು. ಬಂದವರು ಇದು ಯಾರದೆಂದು ಪಿಸುಗುಟ್ಟಿದರು. ಸುಗಲಾ ಗದ್ದ ಎತ್ತಿ ನನ್ನ ಕಡೆ ತೋರಿಸಿದಳು. ಬೆಳಗಿನಿಂದ ನನ್ನ ಬಾಯಲ್ಲಿ ಊರಿನ ಇತಿಹಾಸ ಕೇಳಿ ದಣಿದಿದ್ದ ಅವರು ನಕ್ಕುಬಿಟ್ಟರು, ನಂಬಲಿಲ್ಲ. ನಾನೂ ನಂಬಿಸಲು ಹೋಗಲಿಲ್ಲ.